ಹೊರಸಿನ ಕೆಳಗಿನ ಕೆಂಡ

ಶೈಲಾ ಹುಟ್ಟಿದ್ದು ಲಿಂಗಸುಗೂರಿನ ಹತ್ತಿರದ ಹಳ್ಳಿಯಲ್ಲಾದರೂ ಬೆಳೆದದ್ದೆಲ್ಲ ಲಗ್ಗೆರೆಯ ವಠಾರದಲ್ಲಿ. ಅಪ್ಪ ಈರಣ್ಣ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತೂ ನಿಂತೂ ಕಾಲಿನ ನರ ಗಂಟು ಕಟ್ಟಿಸಿಕೊಂಡವನು. ಮನೆಯೊಳಗೆ ‘ಬರ್ರಿ, ಕುಂದರ್ರಿ’, ಹೊಸ್ತಿಲು ದಾಟಿದರೆ ‘ಹೂಂ ಕಣೇ, ಬಾರೇ’. ಹೀಗೆ ಎರಡು ನಾಲಿಗೆ ಇಟ್ಟುಕೊಂಡು ಬದುಕುವುದು ಬೆಂಗಳೂರಿನಲ್ಲಿ ಹೊಸತೇನಲ್ಲ, ಅರ್ಧ ಊರು ಹಾಗೆಯೇ ಇದೆ. ಆದರೆ ಶೈಲಾ ಹೊರಗಿನ ನಾಲಿಗೆಯನ್ನು ಮನೆಯೊಳಕ್ಕೂ ತಂದುಬಿಟ್ಟಿದ್ದಳು. ಅವ್ವ “ಏನ್ ಮಾಡಾಕತ್ತೀಯವಾ?” ಅಂದರೆ “ಓದ್ತಾ ಇದೀನಮ್ಮಾ” ಎನ್ನುವಳು. ಅವ್ವನಿಗೆ ಅದು ಚುಚ್ಚುತ್ತಿತ್ತು. ಮಗಳು ಓದುತ್ತಿದ್ದಾಳಲ್ಲ ಎಂದು ಸುಮ್ಮನಾಗುತ್ತಿದ್ದಳು.

ಇದಕ್ಕೊಂದು ಕಾರಣವಿತ್ತು. ಶೈಲಾ ಐದನೇ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ. ಊರಿನಿಂದ ಅಜ್ಜಿ ಬಂದು ಅವ್ವನನ್ನೂ ಕೂಸನ್ನೂ ನುಲಿಯ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ತುಂಬಿದ ಪಾತ್ರೆಯಿಟ್ಟು ಕಾಸುತ್ತಿದ್ದಳು. ಆ ಸೀಮೆಯಲ್ಲಿ ಬಾಣಂತಿಯನ್ನು ಕಾಸುವುದೆಂದರೆ ಅನ್ನ ಇಕ್ಕಿದಷ್ಟೇ ಸಹಜ. ಕಾಸದೇ ಬಿಟ್ಟ ಅತ್ತೆಯನ್ನು ಜನ ಆಡಿಕೊಳ್ಳುತ್ತಾರೆ. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಬೀಳುತ್ತಿತ್ತು. ಆ ವಾಸನೆ ಶೈಲಾಳ ಯೂನಿಫಾರ್ಮಿಗೆ ಹತ್ತಿತು. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು “ನಿಮ್ಮನೇಲಿ ಏನನ್ನ ಸುಡ್ತಾರೇ?” ಅಂದಳು. ಅವತ್ತಿನಿಂದ ಏಳನೇ ಕ್ಲಾಸು ಮುಗಿಯುವವರೆಗೆ ಅವಳ ಹೆಸರು ‘ಹೊಗೆ ಶೈಲಾ’. ಮಕ್ಕಳ ಬಾಯಿಗೆ ಕರುಣೆ ಅಂತ ಒಂದಿರುವುದಿಲ್ಲ.

ಈಗ ಅವಳು ವೈಟ್‌ಫೀಲ್ಡ್ ಕಡೆಯ ಕಾಲೇಜೊಂದರಲ್ಲಿ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಆ ಡಿಸೆಂಬರಿನಲ್ಲಿ ಕಾಲೇಜಿಗೆ ಹಾಲೆಂಡಿನಿಂದ ಮರೈಕೆ ಎಂಬ ಹುಡುಗಿ ಬಂದಳು. ಅವಳೂ ನರ್ಸಿಂಗ್ ವಿದ್ಯಾರ್ಥಿನಿ, ಶೈಲಾಳ ಓರಗೆಯವಳು. ದೂರದೇಶದ ಬಡಜನರ ನಡುವೆ ಮೂರು ತಿಂಗಳು ಸೇವೆ ಮಾಡಬೇಕೆಂದು ಸೇವಾಸಂಸ್ಥೆಯೊಂದರ ಮೂಲಕ ತನ್ನದೇ ಖರ್ಚಿನಲ್ಲಿ ಬಂದಿದ್ದಳು. ಬಡವರನ್ನು ಹುಡುಕಿಕೊಂಡು ವಿಮಾನ ಹತ್ತುವವರೂ ಇದ್ದಾರಲ್ಲ ಎಂದು ಹಾಸ್ಟೆಲಿನವರು ನಕ್ಕರು. ಆದರೆ ಹುಡುಗಿ ಒಳ್ಳೆಯವಳು. ಬಿಸಿಲಿಗೆ ಮೂಗು ಸುಲಿದರೂ ಗೊಣಗಲಿಲ್ಲ, ಕೊಟ್ಟದ್ದನ್ನು ತಿಂದಳು. ಅವಳ ಜೊತೆ ಓಡಾಡಿ ಮಾತು ತಿಳಿಸಿ ಹೇಳುವ ಕೆಲಸ ಶೈಲಾಳ ಪಾಲಿಗೆ ಬಂತು. ಶೈಲಾಗೆ ಅದರ ಹೆಮ್ಮೆ ಇಷ್ಟಿಷ್ಟಲ್ಲ.

ಸೇವೆಗೆ ಸಿಕ್ಕ ಜಾಗ ಮಹದೇವಪುರದ ಆಚೆ, ಎದ್ದೇಳುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡುಗಳು. ರಾಯಚೂರು, ಯಾದಗಿರಿ ಕಡೆಯ ಕೆಲಸಗಾರರೇ ತುಂಬಿದ್ದರು. ಮರೈಕೆ ಎಂಬ ಹೆಸರು ಅವರ ಬಾಯಲ್ಲಿ ಒಂದೇ ದಿನಕ್ಕೆ ‘ಮಾರಕ್ಕ’ ಆಯಿತು. ಮಾರಕ್ಕ ಬಿಪಿ ನೋಡಿದಳು, ಗಾಯಕ್ಕೆ ಪಟ್ಟಿ ಕಟ್ಟಿದಳು, ಮಕ್ಕಳಿಗೆ ಕೈತೊಳೆಯುವುದನ್ನು ಕುಣಿದು ಕಲಿಸಿದಳು.

ಅಲ್ಲಿದ್ದವಳು ಮಲಕವ್ವ. ಗಾರೆ ಕೆಲಸಕ್ಕೆ ಹೋಗುವ ಗಟ್ಟಿ ಮುದುಕಿ. ಮಗ ಹನುಮೇಶ ಅದೇ ಕಟ್ಟಡದಲ್ಲಿ ಕಂಬಿ ಕಟ್ಟುವವನು. ಸೊಸೆ ಶರಣಮ್ಮನಿಗೆ ಹೆಣ್ಣು ಕೂಸು ಹುಟ್ಟಿ ವಾರವಾಗಿತ್ತು. ಕೂಸು ಎರಡು ಕಿಲೋ ಕೂಡ ಇರಲಿಲ್ಲ. ಮಲಕವ್ವ ಶೈಲಾಳ ಮುಖವನ್ನೇ ನೋಡಿ, “ನೀ ನಮ್ಮ ಕಡಿಯಾಕಿ ಅದೀ ಏನವಾ? ಮುಖ ನೋಡಿದ್ರ ಹಂಗ ಕಾಣಸ್ತೀ,” ಅಂದಳು.

“ಇಲ್ಲ ಅಜ್ಜಿ, ನಾವು ಇಲ್ಲಿಯವರೇ,” ಅಂದಳು ಶೈಲಾ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳೆಂದು ಅವಳಿಗೇ ಅನ್ನಿಸಲಿಲ್ಲ.

ಮರೈಕೆ ಕೂಸನ್ನು ತಾಯಿಯ ಎದೆಗೆ ಒತ್ತಿಸಿ, ಟೋಪಿ ಹಾಕಿ, ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸುವುದನ್ನು ತೋರಿಸಿದಳು. ತಗಡು ಕೂಡುವ ಕಡೆಯೆಲ್ಲ ಬೆರಳು ತೂರುವಷ್ಟು ಸಂದು, ಅಲ್ಲಿಂದ ಥಂಡಿ ಗಾಳಿ. ಅದನ್ನೆಲ್ಲ ಮುಚ್ಚಿಸಬೇಕೆಂದು ಸುತ್ತ ನೋಡುವಾಗ ಹೊರಸಿನ ಕೆಳಗೆ ಅವಳ ಕಣ್ಣಿಗೊಂದು ಬಾಂಡ್ಲಿ ಬಿತ್ತು, ಗಾರೆ ಹೊರುವ ಕಬ್ಬಿಣದ ಬಾಂಡ್ಲಿ. ಅದರ ತಳದಲ್ಲಿ ಬೂದಿಯಿತ್ತು.

“ಇದೇನು ಶೈಲಾ? ಇವರು ಒಳಗಡೆ ಬೆಂಕಿ ಇಡ್ತಾರಾ? ಕೇಳು,” ಅಂದಳು ಇಂಗ್ಲಿಷಿನಲ್ಲಿ.

ಶೈಲಾಳಿಗೆ ಕೇಳುವ ಅಗತ್ಯವೇ ಇರಲಿಲ್ಲ. ಆ ಬೂದಿಯಲ್ಲಿ ಸುಟ್ಟ ಬೆಳ್ಳುಳ್ಳಿ ಸಿಪ್ಪೆಯಿತ್ತು, ಒಳಗೆಲ್ಲ ಅಜವಾನದ ವಾಸನೆಯಿತ್ತು. ಆ ಕ್ಷಣಕ್ಕೆ ಅವಳು ಮತ್ತೆ ಐದನೇ ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದಳು. ಬಾಣಂತಿಯನ್ನು ಕೆಂಡದ ಮೇಲೆ ಮಲಗಿಸುತ್ತಾರೆ ಅಂದರೆ ಈ ಬಿಳಿ ಹುಡುಗಿ ಏನೆಂದುಕೊಂಡಾಳು? ‘ನಿನಗೆ ಹೇಗೆ ಗೊತ್ತು’ ಎಂದರೆ? ಶೈಲಾ ಮಲಕವ್ವನತ್ತ ತಿರುಗಿ ಬೇರೆಯದನ್ನೇ ಕೇಳಿದಳು: “ಅಜ್ಜಿ, ಅಡುಗೆ ಎಲ್ಲಿ ಮಾಡ್ತೀರ?”

“ಹೊರಗ, ಕಲ್ಲಿನ ಒಲಿ ಮ್ಯಾಲ.”

“ಒಲೆ ಹೊರಗಿದೆಯಂತೆ,” ಎಂದು ಮರೈಕೆಗೆ ಹೇಳಿದಳು. “ಅದು ಕೆಲಸದ ಬಾಂಡ್ಲಿ, ಸುಮ್ಮನೆ ತಂದಿಟ್ಟಿದ್ದಾರೆ.”

ಮರೈಕೆ ನಂಬಿದಳು. ನಂಬದೇ ಏನು ಮಾಡಿಯಾಳು? ಆ ಊರಿನಲ್ಲಿ ಅವಳಿಗೆ ಕಿವಿಯೂ ಬಾಯಿಯೂ ಶೈಲಾಳೇ ಆಗಿದ್ದಳು. “ಒಳ್ಳೇದಾಯ್ತು, ಹಾಗಾದರೆ ಎಲ್ಲ ಸಂದೂ ಮುಚ್ಚೋಣ,” ಅಂದಳು. ಹನುಮೇಶ ಎಲ್ಲಿಂದಲೋ ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸ್ ಹೊತ್ತು ತಂದ. ಗೋಡೆಗೆ, ಬಾಗಿಲ ಸುತ್ತ, ಸೂರಿನ ಅಂಚಿಗೆ ಬಿಗಿಯಾಗಿ ಬಡಿದರು. ಫ್ಲೆಕ್ಸಿನ ಒಂದು ತುದಿಯನ್ನು ಹಿಡಿದು ನಿಂತವಳು ಶೈಲಾ.

ಹಿಡಿದು ನಿಂತಾಗಲೇ ಅವಳ ಕಣ್ಣು ಮತ್ತೆ ಬಾಂಡ್ಲಿಯತ್ತ ಹೋಯಿತು. ಊರಿನ ಮನೆಗೆ ಹೆಂಚಿನ ಸಂದಿತ್ತು, ಬೆಳಕಿಂಡಿಯಿತ್ತು, ಕೆಂಡದ ವಿಷಗಾಳಿ ಮೇಲಕ್ಕೆ ಹೋಗುತ್ತಿತ್ತು. ಇಲ್ಲಿ ಫ್ಲೆಕ್ಸ್. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಏನಾಗುತ್ತದೆಂದು ಅವಳೇ ಪರೀಕ್ಷೆಯಲ್ಲಿ ಬರೆದಿದ್ದಳು. ಮಲಕವ್ವನನ್ನು ಪಕ್ಕಕ್ಕೆ ಕರೆದು ‘ಇನ್ನು ಕಾಸಬೇಡಿ’ ಅಂದರೆ ಸಾಕಿತ್ತು. ಆದರೆ ಹಾಗೆ ಹೇಳಿದ್ದರೆ ಮುದುಕಿ ನಗುತ್ತಿದ್ದಳು, ‘ನಾ ಹೇಳಲಿಲ್ಲೇನು, ನೀ ನಮ್ಮಾಕಿ’ ಎಂದು ಎಲ್ಲರೆದುರೂ ಕೂಗುತ್ತಿದ್ದಳು. ಸೋಮವಾರ ಬಂದಾಗ ಹೇಳಿದರಾಯಿತು ಅಂದುಕೊಂಡಳು. ನಡುವೆ ಇದ್ದದ್ದು ಒಂದು ಭಾನುವಾರ ಮಾತ್ರ. ಆ ಭಾನುವಾರ ಹಾಸ್ಟೆಲಿನಲ್ಲಿ ಬಟ್ಟೆ ಒಗೆದಳು, ತಲೆಗೆ ಎಣ್ಣೆ ಹಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಶೈಲಾ, ಮರೈಕೆ ಹೋದಾಗ ಶೆಡ್ಡುಗಳ ಸಾಲು ಖಾಲಿ. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಸೊಸೆ, ಕೂಸು ಬೆಚ್ಚಗಿರಲೆಂದು ಕಟ್ಟಡದಲ್ಲಿ ಬಿದ್ದಿದ್ದ ಸೆಂಟ್ರಿಂಗ್ ಮರದ ಚೂರು ಉರಿಸಿ, ಬಾಂಡ್ಲಿ ತುಂಬ ಕೆಂಡ ಮಾಡಿ ಹೊರಸಿನ ಕೆಳಗಿಟ್ಟು, ಮಾರಕ್ಕ ಹೇಳಿದಂತೆ ಗಾಳಿ ಬಾರದ ಹಾಗೆ ಬಾಗಿಲೆಳೆದುಕೊಂಡು ಮಲಕವ್ವನೂ ಹೋಗಿದ್ದಳು. ಶೈಲಾ ಬಾಗಿಲು ತಟ್ಟಿದಳು. ಮತ್ತೆ ತಟ್ಟಿ, ತಳ್ಳಿದಳು.

ಹೊಗೆಯೇನೂ ಇರಲಿಲ್ಲ. ಬರೀ ಬಿಸಿ. ಶರಣಮ್ಮ ವಾಂತಿ ಮಾಡಿಕೊಂಡು ಹೊರಸಿನ ಅಂಚಿಗೆ ಜೋತುಬಿದ್ದಿದ್ದಳು. ಕೂಸು ಅವಳ ಎದೆಯ ಮೇಲೆಯೇ ಇತ್ತು, ಟೋಪಿ ಹಾಕಿಕೊಂಡು, ಕಲಿಸಿಕೊಟ್ಟ ಹಾಗೆಯೇ. ಇಬ್ಬರೂ ಸೇರಿ ಎಳೆದು ಬಯಲಿಗೆ ತಂದರು. ಶೈಲಾ ಕೂಸಿನ ಬಾಯಿಗೆ ಬಾಯಿಟ್ಟು ಊದಿದಳು, ಎರಡು ಬೆರಳಿಂದ ಎದೆ ಒತ್ತಿದಳು. ಅಂಬ್ಯುಲೆನ್ಸ್ ಬರುವವರೆಗೂ, ಆಸ್ಪತ್ರೆಯ ಬಾಗಿಲವರೆಗೂ ಊದಿದಳು. ಅಲ್ಲಿ ಡಾಕ್ಟರು ಅವಳ ಕೈ ಹಿಡಿದು ನಿಲ್ಲಿಸಿದರು.

ಶರಣಮ್ಮನನ್ನು ಆಕ್ಸಿಜನ್ ಉಳಿಸಿತು. ಕೂಸು ಉಳಿಯಲಿಲ್ಲ.

ಸುದ್ದಿ ತಿಳಿದು ಮಲಕವ್ವ ಸಿಮೆಂಟು ಮೆತ್ತಿದ ಕಾಲಲ್ಲೇ ಓಡಿಬಂದಳು. ಡಾಕ್ಟರು ಬಾಯಿಗೆ ಬಂದಂತೆ ಬೈದರು: “ಮುಚ್ಚಿದ ರೂಮಲ್ಲಿ ಕೆಂಡ ಇಡ್ತಾರಾ ಅಜ್ಜಿ? ನೀನೇ ಕೊಂದೆ ಮಗೂನ.” ಮುದುಕಿ ವರಾಂಡದ ನೆಲಕ್ಕೆ ಕುಸಿದು, “ಹೌದ್ರಿ, ನಾನ ಕೊಂದ್ನಿ. ನನ್ನ ಕೈಯಾಗ ಕೊಂದ್ನಿ,” ಅನ್ನುತ್ತಾ ಹಣೆ ಚಚ್ಚಿಕೊಂಡಳು. ಹನುಮೇಶ ತಾಯಿಯ ಕಡೆ ನೋಡಲಿಲ್ಲ, ದೂರ ಹೋಗಿ ನಿಂತ. ಮರೈಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮುಚ್ಚಿ ಅಂದವಳು ನಾನು, ನಾನು, ಎಂದು ಅದನ್ನೇ ಹೇಳುತ್ತಿದ್ದಳು.

ಮರೈಕೆಯನ್ನು ಕರೆತಂದ ಆ ಸಂಸ್ಥೆಯ ಅಂಬರೀಶ್ ಬೈಕಿನಲ್ಲಿ ಬಂದ. ಬಂದವನೇ ಸಮಾಧಾನಕ್ಕೆ ನಿಂತ. “ನೀವ್ಯಾಕೆ ಅಳ್ತೀರ ಮೇಡಂ? ಈ ಜನಾನೇ ಹಿಂಗೆ, ಎಷ್ಟು ಹೇಳಿದ್ರೂ ಕೇಳಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಕನ್ನಡಕ್ಕೆ ತಿರುಗಿದ: “ಬೆಂಕಿ ಇಡ್ಬೇಡಿ ಅಂತ ಶೈಲಾ ಹೇಳೇ ಇರ್ತಾಳೆ. ಅಲ್ವಾ ಶೈಲಾ?”

ಎಷ್ಟು ಸುಲಭದ ದಾರಿ! ಒಂದು ‘ಹೂಂ’ ಅಂದರೆ ಮುಗಿಯಿತು. ಶೈಲಾ ಬಾಯಿ ತೆರೆಯುವ ಮೊದಲೇ ನೆಲದಿಂದ ಮಲಕವ್ವನ ಮಾತು ಬಂತು: “ಹೇಳಿರಬೇಕ್ರಿ, ಪಾಪ. ಈ ಕಡಿ ಮಾತು ನನಗ ಪೂರಾ ತಿಳಿಯಂಗಿಲ್ಲ. ನಂದ ತಪ್ಪು.”

ಅದನ್ನು ಕೇಳಿ ಶೈಲಾಳ ಎದೆ ಒಡೆಯಿತು. ತಾನು ಮಾಡಿದ್ದನ್ನು ಈ ಮುದುಕಿ ಸಾಯುವವರೆಗೂ ಹೊರುತ್ತಾಳೆ, ಮಗ ಇನ್ನು ಇವಳ ಕೈಯ ರೊಟ್ಟಿ ತಿನ್ನುತ್ತಾನೋ ಇಲ್ಲವೋ. ಮೊದಲು ಮರೈಕೆಯ ಹತ್ತಿರ ಹೋದಳು. “ನೀನು ಕೇಳಿದ್ದೆ. ನಾನು ಅವರನ್ನು ಕೇಳಲೇ ಇಲ್ಲ. ಬಾಂಡ್ಲಿ ಯಾತಕ್ಕೆ ಅಂತ ನನಗೆ ಗೊತ್ತಿತ್ತು,” ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಮರೈಕೆಯ ಅಳು ನಿಂತಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅಂಬರೀಶ್, “ಸುಮ್ನಿರು ಶೈಲಾ, ಇದೆಲ್ಲ ಇಲ್ಲಿ ಬೇಡ,” ಎಂದು ಹಲ್ಲು ಕಚ್ಚಿದ.

ಶೈಲಾ ಸುಮ್ಮನಿರಲಿಲ್ಲ. ಮಲಕವ್ವನ ಎದುರು ನೆಲದ ಮೇಲೆ ಕೂತಳು. ಎಷ್ಟೋ ವರ್ಷಗಳಿಂದ ಅವ್ವನಿಗೂ ಕೊಡದೆ ಇಟ್ಟುಕೊಂಡಿದ್ದ ಮಾತು ತಡವರಿಸುತ್ತ ಹೊರಬಂತು.

“ಯವ್ವಾ, ನಾ ನಿಮಗ ಹೇಳಿಲ್ಲ. ಕಾಸಬ್ಯಾಡ್ರಿ ಅಂತ ನಾ ಹೇಳಬೇಕಿತ್ತು, ಹೇಳಲಿಲ್ಲ. ನಾ ನಿಮ್ಮ ಕಡಿಯಾಕಿನ ಅದೀನಿ. ನಮ್ಮೂರು ಲಿಂಗಸುಗೂರ ಹತ್ರ.”

ಹನುಮೇಶ ತಿರುಗಿ ನೋಡಿದ. ಮಲಕವ್ವ ಹಣೆ ಚಚ್ಚಿಕೊಳ್ಳುವುದನ್ನು ನಿಲ್ಲಿಸಿದಳು. ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಶೈಲಾಳಿಗೆ ಆಮೇಲೂ ಅನ್ನಿಸುತ್ತಿತ್ತು.

“ಹಂಗಾರ ನಿನಗ ಗೊತ್ತಿತ್ತು,” ಅಂದಳು ಮುದುಕಿ.

“ಗೊತ್ತಿತ್ತು.”

“ನಿಮ್ಮಜ್ಜಿನೂ ನಿನಗ ಕಾಸಿರಬೇಕು.”

“ಕಾಸ್ಯಾಳವಾ.”

ಮಲಕವ್ವ ಸಿಮೆಂಟಿನ ಕೈಯಿಂದ ಶೈಲಾಳ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿದಳು, ಇನ್ನೂ ಬಿಸಿಯಿದೆಯೇ ಎಂದು ನೋಡುವವಳ ಹಾಗೆ.

“ನೀ ಬದುಕಿದಿ,” ಅಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.