ಟಿಕ್ ಟಾಕ್ ಎನ್ನುತ್ತಿದ್ದ ಮುದಿ ಉಪಗ್ರಹ

ಕೇಳಿದವರಿಗೆ ಹುಚ್ಚು ಅನ್ನಿಸಬಹುದು. ಹವಾಮಾನ ನೋಡುವ ಒಂದು ಹಳೇ ಉಪಗ್ರಹ ಚಂದ್ರಾ ಲೇಔಟಿನ ನಮ್ಮ ಮನೆಯ ಮೇಲೆ ಹಾಯುವಾಗ, ಅದು ಕಳಿಸುವ ಚಿತ್ರವನ್ನು ನಾನೇ ಹಿಡಿಯಬೇಕು ಎಂಬ ಆಸೆ ತಲೆಗೆ ಹೊಕ್ಕಿತ್ತು. ಅದು ಧ್ರುವದಿಂದ ಧ್ರುವಕ್ಕೆ ಸುತ್ತುತ್ತದೆ, ಕೆಳಗೆ ಭೂಮಿ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ದಾರಿಯಲ್ಲಿ ಸಿಕ್ಕ ಮೋಡ, ಕಡಲು, ನೆಲದ ಬಿಸಿ ಎಲ್ಲವನ್ನೂ ಚಾಪೆ ನೇಯ್ದಂತೆ ಒಂದೊಂದೇ ಗೆರೆಯಾಗಿ ನೋಡಿ ಆ ಕ್ಷಣವೇ ಕೆಳಗೆ ಕಳಿಸುತ್ತದೆ. ಯಾರು ಬೇಕಾದರೂ ಹಿಡಿದುಕೊಳ್ಳಬಹುದು, ಬಿಟ್ಟಿ. ಬಿಟ್ಟಿ ಸಿಕ್ಕಿದ್ದನ್ನು ಬಿಡುವ ಜಾಯಮಾನ ನನ್ನದಲ್ಲ.

ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಆಂಟೆನಾಕ್ಕೆಂದು ಎರಡು ಅಲ್ಯೂಮಿನಿಯಂ ಸರಳು ಕತ್ತರಿಸಿಕೊಂಡು ಬಂದೆ. ಅವನ್ನು ಬಿದಿರು ಗಳಕ್ಕೆ ಬಿಗಿದು, ಗಳವನ್ನು ತಾರಸಿಯ ಕಂಬಕ್ಕೆ ಕಟ್ಟಿ, ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರೇಡಿಯೊಗೆ ಜೋಡಿಸಿದೆ. ಮೊದಲ ದಿನ ಬರೀ ಗೊರಗೊರ ಸದ್ದು. ತಾರಸಿಗೆ ಹೋಗಿ ನೋಡಿದರೆ ನಮ್ಮ ಅತ್ತೆ ಆ ಸರಳುಗಳ ಮೇಲೆ ಒದ್ದೆ ಸೀರೆ ಹರವಿದ್ದರು.

“ಬಟ್ಟೆ ಒಣಗಿಸೋಕಲ್ದೆ ಇನ್ಯಾಕೆ ಕಟ್ಟಿದ್ಯೇ ಇದನ್ನ?”

ನನಗೆ ಮೈಯೆಲ್ಲ ಉರಿಯಿತು. ಸಂಜೆ ಸುದ್ದಿ ಬಂತು: ಉಪಗ್ರಹಕ್ಕೆ ವಯಸ್ಸಾಗಿದೆ, ನಾಳೆಯೇ ಆರಿಸಿಬಿಡುತ್ತಾರೆ. ಅಂದರೆ ನನಗೆ ಉಳಿದಿದ್ದು ಬೆಳಗಿನ ಒಂದೇ ಒಂದು ಅವಕಾಶ. ಅತ್ತೆಗೆ ಹಾಗೆಂದೇ ಹೇಳಿದೆ.

“ಪಾಪ, ವಯಸ್ಸಾಯ್ತು ಅಂತ ಆರಿಸ್ತಾರಾ?” ಎಂದು ಕೇಳಿ, ಮೇಲೆ ಹೋಗಿ ಸೀರೆ ತೆಗೆದುಕೊಂಡು ಬಂದರು.

ಮಾರನೆಯ ದಿನ ತಿಂಡಿ ಮುಗಿಸಿ ಇಬ್ಬರೂ ತಾರಸಿ ಹತ್ತಿದೆವು. ಉತ್ತರಕ್ಕೆ, ಮಹಾಲಕ್ಷ್ಮಿ ಲೇಔಟಿನ ಕಡೆಯ ಆಕಾಶದಲ್ಲಿ ಉಪಗ್ರಹ ಮೇಲೇರಿದಂತೆ, ಲ್ಯಾಪ್‌ಟಾಪಿನ ಗೊರಗೊರದ ನಡುವೆ ಸಣ್ಣಗೆ ಕೇಳಿಸಿತು: ಟಿಕ್ ಟಾಕ್, ಟಿಕ್ ಟಾಕ್. ಒಂದು ಟಿಕ್ ಟಾಕ್‌ಗೆ ಒಂದು ಗೆರೆ. ಪರದೆಯ ಮೇಲೆ ಗುಜರಾತಿನ ಅಂಚು ಮೂಡಿತು, ಅದರ ಕೆಳಗೆ ಕಡಲು. ಅಷ್ಟರಲ್ಲಿ ಗಾಳಿಗೆ ಕಂಬದ ಕಟ್ಟು ಸಡಿಲವಾಗಿ ಗಳ ವಾಲಿತು, ಚಿತ್ರವೆಲ್ಲ ಮಸುಕಾಯಿತು. ನಾನು ಏಳುವ ಮೊದಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತುಬಿಟ್ಟಿದ್ದರು.

“ನೀನು ಚಿತ್ರ ನೋಡ್ಕೊ. ಇದು ನಂಗಿರ್ಲಿ.”

ಚಿತ್ರ ಮತ್ತೆ ತಿಳಿಯಾಯಿತು. ಪಶ್ಚಿಮ ಘಟ್ಟದುದ್ದಕ್ಕೂ ಒತ್ತಿಕೊಂಡ ಮಳೆಮೋಡ, ಈಚೆಗೆ ಚದುರಿದ ಬಿಳಿ ತುಣುಕುಗಳ ನಡುವೆ ನಮ್ಮ ಬೆಂಗಳೂರು, ಕೊನೆಗೆ ಲಂಕೆ. ನಮ್ಮನ್ನು ಆಗಷ್ಟೇ ನೋಡಿದ ಕಣ್ಣು ಕಳಿಸಿದ ಚಿತ್ರ ನನ್ನ ತೊಡೆಯ ಮೇಲಿತ್ತು. ಅಷ್ಟು ಖುಷಿ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ. ಉಪಗ್ರಹ ಕೆಂಗೇರಿಯ ಕಡೆ ಇಳಿದಂತೆ ಸದ್ದು ಕ್ಷೀಣವಾಗಿ, ನಿಂತೇಹೋಯಿತು.

“ಪೂರ್ತಿ ಸಿಕ್ತು ಅತ್ತೆ. ಗಳ ಇಳಿಸಿ, ಕೈ ನೋಯುತ್ತೆ.”

ಅವರು ಇಳಿಸಲಿಲ್ಲ. ಕೆಂಗೇರಿಯ ಕಡೆಗೇ ನೋಡುತ್ತಿದ್ದರು.

“ಇರೇ. ಹೊರಟೋರು ತಿರುವು ದಾಟೋಗಂಟ ಬಾಗ್ಲಲ್ಲಿ ನಿಂತಿರಲ್ವಾ ನಾವು?”