ಊರಿನಿಂದ ಒಂದೇ ಅಭಿಪ್ರಾಯ

ಬೆಳಿಗ್ಗೆ ಮೊಬೈಲಿಗೆ ಸರ್ಕಾರದ ಮೆಸೇಜೊಂದು ಬಂದಿತ್ತು: ಹೊಸ ನೀತಿಯ ಬಗ್ಗೆ ತಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ. ‘ಅಮೂಲ್ಯ’ ಎಂಬ ಪದ ಕಂಡರೆ ನನಗೆ ಇಂದಿಗೂ ನಗು. ಚಾಮರಾಜನಗರದ ನಮ್ಮ ಸರ್ಕಾರಿ ಕಚೇರಿಯ ಬ್ಲಾಗಿನಲ್ಲಿ ಅದನ್ನು ದಿನಾ ಟೈಪ್ ಮಾಡುತ್ತಿದ್ದವನು ನಾನೇ.

ನೀವು ನಗಬೇಡಿ, ಬ್ಲಾಗ್ ಎಂದರೆ ಆಗ ಭಾರಿ ಸಂಗತಿ. ಜನರೊಂದಿಗೆ ನೇರ ಮಾತುಕತೆ ನಡೆಸಿ ಎಂದು ಮೇಲಿನಿಂದ ಆದೇಶ ಬಂತು. ಕನ್ನಡ ಟೈಪಿಂಗ್ ಗೊತ್ತಿದ್ದ ತಪ್ಪಿಗೆ ಅದು ನನ್ನ ತಲೆಗೆ ಬಂತು. ಮೊದಮೊದಲು ಬರೆಯುವವನೂ ಓದುವವನೂ ನಾನೊಬ್ಬನೇ. ಹೆಂಡತಿಗೆ ಓದು ಅಂದರೆ, “ಮನೇಲಿ ನಿಮ್ ಮಾತು ಕೇಳದು ಸಾಲ್ದಾ?” ಅಂದಳು.

ಆಮೇಲೆ ಬಸ್ಸಿನ ಪ್ರಸ್ತಾವ ಬಂತು. ಹಂಗಳದಾಚೆ ಕಾಡಂಚಿನ ಒಂದು ಸಣ್ಣ ಊರಿಗೆ ನಸುಕಿನಲ್ಲಿ ಹೋಗುತ್ತಿದ್ದ ಬಸ್ಸನ್ನು ಹಂಗಳದಲ್ಲೇ ನಿಲ್ಲಿಸುವುದು. ಊರಿನವರು ಅಲ್ಲಿಯವರೆಗೆ ನಡೆದು ಬರುವುದು. ಸಮಯ ಉಳಿಯುತ್ತದೆ ಎಂದು ಪೇಟೆಯವರೆಲ್ಲ ಬ್ಲಾಗಿನಲ್ಲಿ ಸಾಲುಸಾಲಾಗಿ ಹೊಗಳಿದರು. ಆ ಊರಿನಿಂದ ಬಂದದ್ದು ಮಾತ್ರ ಒಂದೇ: “ಬಸ್ಸು ನಿಲ್ಲಿಸಬಾರದು. ಇದು ಊರ ಮಾತು. ಮಾದಪ್ಪ.”

“ಒಬ್ಬನದೇ ತಕರಾರು ಕಣ್ರೀ, ಮುಗಿಸಿ,” ಅಂದರು ಸಾಹೇಬರು.

ನನಗೆ ಸಮಾಧಾನವಾಗಲಿಲ್ಲ. ಊರಿನ ಹಿರಿಯರಾದ ಆ ಮಾದಪ್ಪನವರಿಗೆ ಫೋನ್ ಮಾಡಿ, ಉಳಿದವರು ಯಾಕೆ ಬರೆಯಲಿಲ್ಲ ಎಂದೆ.

“ಜಗಲಿ ಮ್ಯಾಲೆ ಎಲ್ರೂ ಒಪ್ಕಂಡೇ ಬರ್ಸಿದ್ದು ಸಾ. ಒಬ್ರು ಯೋಳಿದ್ ಮ್ಯಾಲೆ ಇನ್ನೊಬ್ರು ಬಾಯಾಕುದ್ರೆ ಊರು ಒಡ್ದೋಗದೆ ಅಂತ ಅರ್ಥ,” ಅಂದರು. ಬ್ಲಾಗಿನಲ್ಲಿ ತಲೆ ಎಣಿಸುತ್ತಾರೆ, ಒಬ್ಬೊಬ್ಬರೂ ಬೇರೆಬೇರೆಯಾಗಿ ಹೇಳಬೇಕು ಎಂದು ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮರುದಿನ ಅದೇ ಬಸ್ಸು ಹತ್ತಿ ಊರಿಗೆ ಊರೇ ನಮ್ಮ ವರಾಂಡಕ್ಕೆ ಬಂದು ಕೂತಿತು. ಬ್ಲಾಗಿಗೆ ಬಂದವರಂತೆ! ಒಬ್ಬೊಬ್ಬರನ್ನೇ ಕೇಳಿ ಟೈಪ್ ಮಾಡಲು ಕುಳಿತೆ. “ಮಾದಪ್ಪೋರು ಯೋಳವ್ರಲ್ಲ ಸಾ, ಅದೇಯ.” ಎಲ್ಲರದೂ ಇದೇ ಪಾಠ. ನನಗೆ ರೇಗಿಹೋಯಿತು.

ಕೊನೆಗೆ ಬಂದವಳು ನಾಗಮ್ಮ. ಆ ಬಸ್ಸಿನಲ್ಲೇ ಗುಂಡ್ಲುಪೇಟೆಗೆ ಚೆಂಡುಹೂವು ಒಯ್ದು ಮಾರುವವಳು. ಮಾದಪ್ಪನವರ ಮುಖ ನೋಡಿದಳು. ಅವರು ಗೋಡೆ ಕಡೆ ತಿರುಗಿ ನಿಂತರು.

“ಯೋಳಮ್ಮಿ. ನಾ ಕೇಳುಸ್ಕಳದಿಲ್ಲ.”

“ಕತ್ಲಲ್ಲಿ ಬಿದ್ರು ಮೆಳೆ ತಾವ ಆನೆ ನಿಂತಿದ್ರೆ ಗೊತ್ತಾಗಕಿಲ್ಲ ಸಾ,” ಅಂದಳು ನಾಗಮ್ಮ. “ನಮ್ಮತ್ತೆಗೆ ಗೊತ್ತಾಗ್ನಿಲ್ಲ. ಊರ್ಗೆ ಬಸ್ಸು ಬರಕ್ ಮುಂಚೆ ಅವ್ರು ನಡ್ಕಂಡೇ ಓಯ್ತಿದ್ದುದು. ಅವ್ರ ಹೂವಿನ್ ಮಂಕ್ರಿನೇ ಈಗ ನಾ ಹೊರದು.”

ಒಂದಕ್ಷರ ತಿದ್ದದೆ ಹಾಕಿದೆ. ತನಗೆ ಓದಲು ಬರುವುದಿಲ್ಲ, ಓದಿ ಹೇಳಿ ಅಂದಳು. ಗಟ್ಟಿಯಾಗಿ ಓದಿದೆ. ಸಾಹೇಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಬಸ್ಸು ಉಳಿಯಿತು.

ಬ್ಲಾಗ್ ಉಳಿಯಲಿಲ್ಲ. ಹೊಸದೇನೋ ಬಂತೆಂದು ಬ್ಲಾಗನ್ನು ಹೇಳದೆ ಕೇಳದೆ ಮುಚ್ಚಿದರು. ಅದರೊಂದಿಗೆ ನಾಗಮ್ಮನ ಮಾತೂ ಹೋಯಿತು. ಅಷ್ಟು ವರ್ಷ ಕುಟ್ಟಿದ್ದೆಲ್ಲ ನೀರಿಗೆ ಹೋಯಿತೆಂದು ನಾನು ಬಹಳ ಸಂಕಟಪಟ್ಟೆ, ಸುಳ್ಳೇಕೆ ಹೇಳಲಿ.

ಮೊನ್ನೆ ಆ ಊರಿಗೆ ಹೋಗಿದ್ದೆ. ಮಾದಪ್ಪನವರು ಈಗಿಲ್ಲ. ಜಗಲಿಯ ಮೇಲೆ ನೀರಿನ ಟ್ಯಾಂಕಿನ ಮಾತು ನಡೆದಿತ್ತು. ಅವರ ಮಗ ಅಪ್ಪನ ಜಾಗದಲ್ಲಿ ಕೂತು, ಊರ ಮಾತು ಇದೇ ಎಂದು ಹೇಳಿ ಮುಗಿಸಿ, ಟವೆಲ್ಲು ಕೊಡವಿ ಎದ್ದ.

“ಕೂತ್ಕಳಪ್ಪ,” ಅಂದಳು ನಾಗಮ್ಮ. “ನಮ್ದಿನ್ನೂ ಆಗಿಲ್ಲ.”

ಅವನು ಕೂತ.