ಅಡಕತ್ತರಿಗೆ ಸಿಕ್ಕಿದ ಮಾತ್ರೆ

ಔಷಧದ ಯೋಗ್ಯತೆಯನ್ನು ತೂಕದಿಂದ ಅಳೆಯುವ ಅಭ್ಯಾಸ ನಮ್ಮ ಕಡೆ ಎಂದು ಹುಟ್ಟಿತೋ ತಿಳಿಯದು. ಡಾಕ್ಟರರ ಬಳಿಗೆ ಹೋದವರು ಮರಳುವಾಗ ಕೈಯಲ್ಲೊಂದು ಬಾಟಲಿ ಇರಬೇಕು, ಒಳಗಿನದು ಕೆಂಪಗಿರಬೇಕು, ಬಸ್ಸಿನಲ್ಲಿ ಪಕ್ಕದವರಿಗೆ ಕಾಣಬೇಕು. ಕಾಗದದ ಪೊಟ್ಟಣದಲ್ಲಿ ನಾಲ್ಕು ಮಾತ್ರೆ ಹಿಡಿದು ಬಂದವರನ್ನು ಕಂಡರೆ, ಪಾಪ, ಇವರನ್ನು ಡಾಕ್ಟರರು ಸರಿಯಾಗಿ ನೋಡಲೇ ಇಲ್ಲವೆಂಬ ಕನಿಕರ. ಓದುಗರೇ, ಇದನ್ನು ನಗುತ್ತ ಬರೆಯುವ ಹಕ್ಕು ನನಗಿಲ್ಲ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ನಾನೂ ಎಂಟು ತಿಂಗಳು ಅಂಥದೇ ಕೆಂಪು ಬಾಟಲಿಗೆ ಭಕ್ತಿಯಿಂದ ನಡೆದುಕೊಂಡವಳೇ.

ಅಮ್ಮನಿಗೆ ಎದೆಯ ಕಾಯಿಲೆ; ಪಾದ ಬಾತಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಬೆಳುವಾಯಿಯ ಮನೆಯಿಂದ ಮೂಡುಬಿದಿರೆಗೆ ಕರೆದೊಯ್ದಾಗ ಅಲ್ಲಿನ ಡಾಕ್ಟರರು ಚೀಟಿಯಲ್ಲಿ ಎರಡು ಸಾಲು ಬರೆದರು: ದಿನಕ್ಕೊಂದು ಬಿಳಿ ಮಾತ್ರೆ, ಊಟದ ನಂತರ ಎರಡು ಚಮಚ ಟಾನಿಕ್. ಮಾತ್ರೆ ತೊಗರಿಬೇಳೆಯಷ್ಟು, ಟಾನಿಕ್ಕಿನ ಬಾಟಲಿಯೋ ದೇವರ ಕೋಣೆಯಲ್ಲಿಡಬಹುದಾದಷ್ಟು ಗಂಭೀರ, ಬೆಲೆಯೂ ಆ ಗಾಂಭೀರ್ಯಕ್ಕೆ ತಕ್ಕದ್ದೇ. ಬಂಟ್ವಾಳದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಸಂಬಳದ ದೊಡ್ಡ ಪಾಲು ಅದರ ಕೆಂಪಿನಲ್ಲೇ ಕರಗುತ್ತಿತ್ತು. ಇದಕ್ಕಿಂತ ಅಗ್ಗದ್ದಿದೆಯೇ ಎಂದು ಡಾಕ್ಟರರನ್ನು ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಕೇಳುವುದಕ್ಕೂ ಬೇಡುವುದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಮೇಲಾಗಿ ನಾನು, ದಾರಿ ತಪ್ಪಿದರೂ ಯಾರನ್ನೂ ವಿಚಾರಿಸದೆ ಮೈಲಿಗಲ್ಲು ಹುಡುಕಿಕೊಂಡು ಹೋಗುವ ಸ್ವಭಾವದವಳು.

ಮಳೆಗಾಲ ಮುಗಿಯುವ ಹೊತ್ತಿಗೆ, ಇಳಿದಿದ್ದ ಅಮ್ಮನ ಪಾದಗಳು ಮತ್ತೆ ಬಾತವು. ಬಾವಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಸಲ ಕುಳಿತು ಉಸಿರೆಳೆದುಕೊಳ್ಳುತ್ತಿದ್ದಳು. "ಮಾತ್ರೆ ಇನ್ನೂ ಉಂಟು, ಟಾನಿಕ್ ಮಾತ್ರ ತಾ" ಎಂದು ಅವಳು ಹೇಳಿಕಳುಹಿಸಿದಾಗಲೂ, ಶಾಲೆಯ ಮಕ್ಕಳ ಗಣಿತದಲ್ಲಿ ಕಾಲಂಶದ ತಪ್ಪನ್ನೂ ಬಿಡದ ನಾನು, ಉಳಿಯಬಾರದ ಮಾತ್ರೆ ಉಳಿದದ್ದು ಹೇಗೆಂದು ಯೋಚಿಸಿರಲಿಲ್ಲ. ಒಂದು ಶನಿವಾರ ಊರಿಗೆ ಬಂದಾಗ ಎಲೆಯಡಿಕೆಯ ತಟ್ಟೆಯಲ್ಲಿದ್ದ ಅಡಕತ್ತರಿ ಕಣ್ಣಿಗೆ ಬಿತ್ತು. ಅದರ ಅಲಗಿನ ಮೇಲೆ ಸುಣ್ಣವಲ್ಲದ ಬಿಳಿ ಪುಡಿ.

"ಮಾತ್ರೆ ಕತ್ತರಿಸಿದ್ದಾ ಅಮ್ಮ?"

"ಅರ್ಧರ್ಧ ತಗೊಳ್ತೇನೆ ಮಗಾ. ನಿನಗೂ ಖರ್ಚು ಎಷ್ಟೂಂತ? ಟಾನಿಕ್ ಕಡಿಮೆ ಮಾಡ್ಲಿಕ್ಕೆ ಆಗ್ತದಾ, ಅದಲ್ವಾ ದೊಡ್ಡ ಮದ್ದು? ಇದು ಇಡೀ ನುಂಗಿದ್ರೂ ಗುಬ್ಬಿಗೆ ಸಾಕಾಗ್ಲಿಕ್ಕಿಲ್ಲ."

ಬೆಳ್ತಂಗಡಿಯಿಂದ ಬಂದಿದ್ದ ದೊಡ್ಡಮ್ಮ, ಅಮ್ಮನ ಅಕ್ಕ, ತಂಗಿಯ ಪರ ವಹಿಸಿದರು: "ಬಾಟ್ಲಿ ಇಲ್ಲದ್ದು ಒಂದು ಮದ್ದಾ ಮಾರಾಯ್ತಿ! ನಿನ್ನ ಕಾಲೇಜಿನಲ್ಲಿ ಇದನ್ನೂ ಕಲಿಸ್ಲಿಲ್ವಾ?"

ಕಲಿಸಿರಲಿಲ್ಲ. ನಾನು ಎರಡು ವರ್ಷದಿಂದ ಹೊಸ ಸೀರೆ ಕೊಳ್ಳದಿರುವುದನ್ನು ಅಮ್ಮ ಮೌನವಾಗಿ ಗಮನಿಸುತ್ತಿರಬಹುದೆಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ನಾನು ಅವಳಿಂದ ಬಚ್ಚಿಟ್ಟೆ, ಅವಳು ನನ್ನಿಂದ ಬಚ್ಚಿಟ್ಟಳು. ನಡುವೆ ಅವಳ ಎದೆ ಸೋಲುತ್ತಿತ್ತು.

ಸೋಮವಾರ ರಜೆ ಹಾಕಿ ಅವಳನ್ನು ಮೂಡುಬಿದಿರೆಗೆ ಕರೆದೊಯ್ದೆ. ಡಾಕ್ಟರರು ಎದೆಯ ಬಡಿತ ಆಲಿಸಿ ಮುಗಿಸಿದ ಮೇಲೆ, ಮೇಜಿನ ಮೇಲಿನ ಶಾಯಿಕುಡಿಕೆಯನ್ನೇ ನೋಡುತ್ತ ಅರ್ಧ ಮಾತ್ರೆಯ ಕತೆ ಹೇಳಿದೆ. ಆಮೇಲೆ ಎಂಟು ತಿಂಗಳಿಂದ ಗಂಟಲಲ್ಲಿದ್ದ ಪ್ರಶ್ನೆಯನ್ನೂ ಕೇಳಿಬಿಟ್ಟೆ: "ಟಾನಿಕ್ಕಿನಲ್ಲಿ ಸ್ವಲ್ಪ ಅಗ್ಗದ್ದು ಉಂಟಾ?"

ಅವರು ಕನ್ನಡಕ ತೆಗೆದರು. "ಅಗ್ಗದ್ದು ಯಾಕೆ, ಟಾನಿಕ್ಕೇ ಬೇಡ. ಜೀವ ಕಾಯುವುದು ಆ ಸಣ್ಣ ಮಾತ್ರೆ. ಅದನ್ನು ಇಡಿಯಾಗಿ ತಗೊಳ್ಳಿ, ಕಾಲು ಇಳೀತದೆ. ಟಾನಿಕ್ ನಿಮ್ಮ ಸಮಾಧಾನಕ್ಕೆ ಬರೆದದ್ದು ಮಾರಾಯ್ರೆ! ಬಾಟ್ಲಿ ಬರೆಯದಿದ್ರೆ ನೀವೆಲ್ಲ ಬೇರೆ ಡಾಕ್ಟ್ರ ಹತ್ರ ಹೋಗ್ತೀರಿ."

ನಮಗೆ ಬೇಕೆಂದು ಅವರು ಬರೆದಿದ್ದರು, ಅವರು ಬರೆದರೆಂದು ನಾವು ಕುಡಿಸಿದ್ದೆವು. ಸಂಕೋಚವನ್ನು ನಾನು ಅದುವರೆಗೆ ಖರ್ಚಿಲ್ಲದ ಸದ್ಗುಣವೆಂದೇ ತಿಳಿದಿದ್ದೆ. ಒಂದು ಪ್ರಶ್ನೆಯಿಂದ ತಿಂಗಳ ಔಷಧದ ಖರ್ಚಿನಲ್ಲಿ ಮುಕ್ಕಾಲು ಪಾಲು ಇಳಿಯಿತು. ಕೆಲವು ವಾರಗಳಲ್ಲಿ ಅಮ್ಮನ ಪಾದವೂ ಇಳಿಯಿತು. ಅವಳು ತುಂಬಿದ ಕೊಡ ಹೊತ್ತು ಬಾವಿಯಿಂದ ಒಂದೇ ಉಸಿರಿಗೆ ಬಂದ ದಿನ, ಕೂಡದೆಂದು ಗದರಬೇಕಾಗಿದ್ದ ನಾನು ಸುಮ್ಮನೆ ನಿಂತು ನೋಡಿದೆ.

ಮುಂದಿನ ಸಲ ಹೋದಾಗ ಅಮ್ಮನಿಗೆ ತುಸು ಕೆಮ್ಮಿತ್ತು. ಡಾಕ್ಟರರು ಬರೆಯತೊಡಗಿದರು. ಅಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ಡಾಕ್ಟ್ರೇ, ಮದ್ದು ಮಾತ್ರ ಬರೀರಿ ಆಯ್ತಾ. ಸಮಾಧಾನ ಈಗ ಮನೆಯಲ್ಲೇ ಉಂಟು."

ಅವರು ಗಟ್ಟಿಯಾಗಿ ನಕ್ಕು, ಬರೆದಾಗಿದ್ದ ಎರಡನೆಯ ಸಾಲನ್ನು ಹೊಡೆದುಹಾಕಿದರು.